ಸಾವಿರದಲ್ಲೊಂದು ಕಣವೂ ಲೆಕ್ಕಕ್ಕೆ ಬರುವಾಗ: ಯೆಹೂದ್ಯರ ಪಸ್ಕಹಬ್ಬ ಮತ್ತು ಹುಳಿಹಿಟ್ಟಿನ ನಿಯಮ

ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದ ವಾರದಲ್ಲಿ, ನನ್ನ ಹಳೆಯ ಕಕ್ಷಿದಾರರೊಬ್ಬರು ವಿದೇಶದಿಂದ ಬಂದ ಒಂದು ಪ್ರಶ್ನಾವಳಿಯನ್ನು ಹಿಡಿದುಕೊಂಡು ಕಚೇರಿಗೆ ಬಂದರು. ಅವರದು ಬ್ಯಾಡಗಿ ಮೆಣಸಿನಕಾಯಿಯನ್ನು ಪುಡಿ ಮಾಡಿ ಮಾರುವ ಸಣ್ಣ ಉದ್ದಿಮೆ. ಆಮದುದಾರರು ಕೇಳಿದ್ದು ಯೆಹೂದ್ಯರ ಪಸ್ಕಹಬ್ಬದ ದಿನಗಳಲ್ಲಿ ಬಳಸಲು ಯೋಗ್ಯವಾದ ಮೆಣಸಿನ ಪುಡಿಯನ್ನು. ಪ್ರಶ್ನಾವಳಿಯ ಒಂದು ಅಂಕಣದಲ್ಲಿ, ಕಾರ್ಖಾನೆಯ ಆವರಣದಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಅಥವಾ ಅವುಗಳಿಂದ ತಯಾರಾದ ಯಾವುದೇ ವಸ್ತುವಿನ ಬಳಕೆ ಇದೆಯೇ ಎಂದು ಕೇಳಲಾಗಿತ್ತು. ಅವರು ಅದರ ಮುಂದೆ ‘ಇಲ್ಲ’ ಎಂದು ಬರೆದಿದ್ದರು. ಖರೀದಿ ಪುಸ್ತಕವನ್ನು ನೋಡಿ ಅದಕ್ಕೊಂದು ದೃಢೀಕರಣ ಪತ್ರ ಕೊಡಬೇಕೆಂಬುದು ಅವರ ಕೋರಿಕೆ.

ಖರೀದಿ ಪುಸ್ತಕದಲ್ಲಿ ಗೋಧಿಯೂ ಇರಲಿಲ್ಲ, ಮೈದಾವೂ ಇರಲಿಲ್ಲ. ಆದರೆ ತಿಂಗಳಿಗೊಮ್ಮೆ ಇಂಗಿನ ಬಿಲ್ಲು ಇತ್ತು. ಅದೇ ಯಂತ್ರದಲ್ಲಿ ಅವರು ಸ್ಥಳೀಯ ಮಾರುಕಟ್ಟೆಗಾಗಿ ಸಾರಿನ ಪುಡಿಯನ್ನೂ ತಯಾರಿಸುತ್ತಿದ್ದರು. ನಮ್ಮ ಅಂಗಡಿಗಳಲ್ಲಿ ಡಬ್ಬಿಗಳಲ್ಲಿ ಮಾರುವ ಇಂಗು ಶುದ್ಧ ಇಂಗಲ್ಲ. ಅದು ಇಂಗಿನ ಅಂಟಿಗೆ ಗೋಂದು ಮತ್ತು ಪಿಷ್ಟ ಅಥವಾ ಧಾನ್ಯದ ಹಿಟ್ಟು ಸೇರಿಸಿ ಮಾಡಿದ ಮಿಶ್ರಣ. ಅನೇಕ ತಯಾರಕರು ಸೇರಿಸುವ ಹಿಟ್ಟು ಗೋಧಿಯದೇ ಆಗಿರುತ್ತದೆ. ಇದನ್ನು ತಿಳಿಸಿದಾಗ ಅವರು ಹೇಳಿದ ಮಾತು ಇಂದಿಗೂ ನೆನಪಿದೆ: “ಸಾಹೇಬ್ರ, ಯಂತ್ರಾ ಒರಸಿ ಕೊಡ್ತೀನಿ. ಉಳಿದ್ರ ಎಷ್ಟ್ ಉಳಿದೀತು? ಸಾವಿರಕ್ಕ ಒಂದ್ ಪಾಲೂ ಅಲ್ಲ. ಅವರ ಶಾಸ್ತ್ರದಾಗ ಅರವತ್ತಕ್ಕ ಒಂದ್ ಇದ್ರೂ ನಡೀತದಂತ.”

ಅವರ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಅಲ್ಪ ಪ್ರಮಾಣವನ್ನು ಗಣನೆಗೆ ತೆಗೆದುಕೊಳ್ಳಬೇಕಿಲ್ಲ ಎಂಬ ವಿಚಾರ ನನ್ನ ವೃತ್ತಿಯಲ್ಲೂ ಇದೆ. ಲೆಕ್ಕಪರಿಶೋಧಕರು ಅದನ್ನು ‘ಮೆಟೀರಿಯಾಲಿಟಿ’ ಎನ್ನುತ್ತಾರೆ. ಆದರೆ ಪಸ್ಕಹಬ್ಬದ ಹುಳಿಹಿಟ್ಟಿನ ವಿಷಯದಲ್ಲಿ ಯೆಹೂದ್ಯ ಧರ್ಮಶಾಸ್ತ್ರವು ಈ ರಿಯಾಯಿತಿಯನ್ನು ಬಹುಮಟ್ಟಿಗೆ ಹಿಂತೆಗೆದುಕೊಳ್ಳುತ್ತದೆ. ಎಲ್ಲಿ, ಯಾವಾಗ, ಏಕೆ ಹಿಂತೆಗೆದುಕೊಳ್ಳುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಆಹಾರ ಪದಾರ್ಥ, ಮಸಾಲೆ ಮತ್ತು ಪೂರಕ ರಾಸಾಯನಿಕಗಳನ್ನು ರಫ್ತು ಮಾಡುವ ನಮ್ಮ ಸದಸ್ಯರಿಗೆ ಪ್ರಯೋಜನಕರವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಧರ್ಮಶಾಸ್ತ್ರದ ಪಂಡಿತನಲ್ಲ. ಕಕ್ಷಿದಾರರ ಒಂದು ಕಾಗದಕ್ಕೆ ಸಹಿ ಹಾಕಬೇಕಾಗಿ ಬಂದುದರಿಂದ ಓದಿ ತಿಳಿದವನು, ಅಷ್ಟೆ.

ಹಬ್ಬ ಮತ್ತು ನಿಷೇಧ

ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲ್ಯರು ಬಿಡುಗಡೆ ಹೊಂದಿದ ನೆನಪಿಗಾಗಿ ಆಚರಿಸುವ ಹಬ್ಬವೇ ಪೆಸಾಕ್ ಅಥವಾ ಪಸ್ಕಹಬ್ಬ. ಯೆಹೂದ್ಯರ ನೀಸಾನ್ ಮಾಸದ 15ನೆಯ ದಿನ ಆರಂಭವಾಗುವ ಈ ಹಬ್ಬ ಸಾಮಾನ್ಯವಾಗಿ ಮಾರ್ಚ್ ಕೊನೆಯಲ್ಲಿ ಅಥವಾ ಏಪ್ರಿಲ್‌ನಲ್ಲಿ, ಅಂದರೆ ನಾವು ಲೆಕ್ಕಪತ್ರಗಳನ್ನು ಮುಗಿಸುವ ಕಾಲದ ಆಸುಪಾಸಿನಲ್ಲಿಯೇ ಬರುತ್ತದೆ. ಇಸ್ರೇಲಿನಲ್ಲಿ 7 ದಿನ, ಹೊರದೇಶಗಳಲ್ಲಿ ಸಂಪ್ರದಾಯಸ್ಥರಿಗೆ 8 ದಿನ. ಹೊರಡುವ ಅವಸರದಲ್ಲಿ ಹಿಟ್ಟು ಹುದುಗಲು ಸಮಯವಿರಲಿಲ್ಲವಾದುದರಿಂದ ಅವರು ಹುಳಿಯಿಲ್ಲದ ರೊಟ್ಟಿಯನ್ನು ತಿಂದರೆಂಬುದು ವಿಮೋಚನಕಾಂಡದ ಕಥನ. ಅದೇ ಗ್ರಂಥದಲ್ಲಿ, ಈ ದಿನಗಳಲ್ಲಿ ಹುಳಿಹಿಟ್ಟನ್ನು ತಿನ್ನಬಾರದೆಂದೂ, ಅದು ಮನೆಯಲ್ಲಿ ಸಿಕ್ಕಬಾರದೆಂದೂ, ಕಣ್ಣಿಗೆ ಬೀಳಬಾರದೆಂದೂ ವಿಧಿಸಲಾಗಿದೆ.

ಇಲ್ಲಿ ಹುಳಿಹಿಟ್ಟು ಎಂದರೆ ಕೇವಲ ಈಸ್ಟ್ ಹಾಕಿದ ಬ್ರೆಡ್ಡಲ್ಲ. ಗೋಧಿ, ಬಾರ್ಲಿ, ರೈ, ಓಟ್ಸ್ ಮತ್ತು ಸ್ಪೆಲ್ಟ್ ಎಂಬ ಹಳೆಯ ಗೋಧಿ ತಳಿ, ಈ ಐದು ಧಾನ್ಯಗಳಲ್ಲಿ ಯಾವುದೇ ಒಂದರ ಹಿಟ್ಟು ನೀರಿನೊಂದಿಗೆ ಸೇರಿ ನಾದದೆ, ಬೇಯಿಸದೆ ಸುಮಾರು 18 ನಿಮಿಷ ಉಳಿದರೆ ಅದು ‘ಹಮೇಟ್ಸ್’ ಆಯಿತೆಂದು ಎಣಿಕೆ. ಹಬ್ಬದ ರೊಟ್ಟಿಯಾದ ‘ಮಟ್ಸಾ’ ಕೂಡ ಇದೇ ಧಾನ್ಯಗಳಿಂದ ತಯಾರಾಗುವಂಥದು. ನೀರು ತಾಗಿದ ಗಳಿಗೆಯಿಂದ 18 ನಿಮಿಷದೊಳಗೆ ಅದು ಒಲೆಯಿಂದ ಹೊರಬರಬೇಕು. ಅಕ್ಕಿ ಮತ್ತು ಬೇಳೆಗಳು ಮೂಲ ಶಾಸ್ತ್ರದ ಪ್ರಕಾರ ಹಮೇಟ್ಸ್ ಅಲ್ಲ. ಆದರೂ ಯೂರೋಪಿನ ಮೂಲದ ಅಷ್ಕೆನಾಜಿ ಯೆಹೂದ್ಯರು ಅವುಗಳನ್ನು ಸಂಪ್ರದಾಯವಾಗಿ ವರ್ಜಿಸುತ್ತಾರೆ. ಅದಕ್ಕೆ ಹೇಳುವ ಕಾರಣಗಳಲ್ಲಿ ಒಂದು, ಇಂಥ ಕಾಳುಗಳಲ್ಲಿ ಗೋಧಿಯ ಕಾಳು ಬೆರೆತಿರಬಹುದು ಎಂಬುದೇ ಆಗಿದೆ.

ನಿಷೇಧವು ಮೂರು ಪದರಗಳದು: ಹಮೇಟ್ಸನ್ನು ತಿನ್ನಬಾರದು, ಅದರಿಂದ ಯಾವ ಲಾಭವನ್ನೂ ಪಡೆಯಬಾರದು, ಅದನ್ನು ತನ್ನ ಒಡೆತನದಲ್ಲಿ ಇಟ್ಟುಕೊಳ್ಳಬಾರದು. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಅಲ್ಪ ಪ್ರಮಾಣದ ನಿಯಮಗಳು ಅರ್ಥವಾಗುತ್ತವೆ.

ಅರವತ್ತರ ಲೆಕ್ಕ

ಯೆಹೂದ್ಯರ ಆಹಾರ ನಿಯಮಗಳಲ್ಲಿ ನಿಷಿದ್ಧ ವಸ್ತುವು ಅಕಸ್ಮಾತ್ತಾಗಿ ಶುದ್ಧ ಆಹಾರದಲ್ಲಿ ಬಿದ್ದರೆ ಏನು ಮಾಡಬೇಕೆಂಬ ಬಗ್ಗೆ ವಿಸ್ತಾರವಾದ ಚರ್ಚೆ ಇದೆ. ಬೆಂದ ಅಡುಗೆಯಲ್ಲಿ ಬಿದ್ದ ವಸ್ತುವಿನ ರುಚಿ ಇಡೀ ಪಾತ್ರೆಗೆ ಹರಡುತ್ತದೆ ಎಂಬುದು ಮೂಲ ವಿಚಾರ. ಶುದ್ಧ ಆಹಾರವು ನಿಷಿದ್ಧ ವಸ್ತುವಿನ 60 ಪಾಲಿನಷ್ಟಿದ್ದರೆ ಆ ರುಚಿ ಅಡಗಿಹೋಯಿತೆಂದು ತಿಳಿದು, ಆಹಾರವನ್ನು ಬಳಸಲು ಒಪ್ಪಿಗೆ ಕೊಡುತ್ತಾರೆ. ಇದು ಸಾಮಾನ್ಯ ಅಳತೆಗೋಲು. ಇದರ ಮೇಲೆ ಬೇರೆ ಅಳತೆಗಳೂ ಇವೆ: ಯಾಜಕರಿಗೆ ಮೀಸಲಾದ ಕಾಣಿಕೆಯ ಧಾನ್ಯಕ್ಕೆ 100 ಪಾಲು, ನೆಟ್ಟ ಗಿಡದ ಮೊದಲ ಮೂರು ವರ್ಷಗಳ ಫಲಕ್ಕೆ 200 ಪಾಲು ಬೇಕು.

ಈ ರಿಯಾಯಿತಿಗೆ ಎರಡು ದೊಡ್ಡ ಕಟ್ಟುಪಾಡುಗಳಿವೆ. ಮೊದಲನೆಯದು, ಉದ್ದೇಶಪೂರ್ವಕವಾಗಿ ಬೆರೆಸುವಂತಿಲ್ಲ. ‘ಹೇಗೂ ಅರವತ್ತಕ್ಕಿಂತ ಕಡಿಮೆ, ಹಾಕೋಣ’ ಎಂದು ಲೆಕ್ಕ ಹಾಕಿ ಬೆರೆಸಿದವನಿಗೆ ಆ ರಿಯಾಯಿತಿ ದೊರಕುವುದಿಲ್ಲ. ಎರಡನೆಯದು, ಇಡೀ ಪದಾರ್ಥದ ಸ್ವರೂಪವನ್ನೇ ನಿರ್ಧರಿಸುವ ವಸ್ತು ಎಷ್ಟು ಅಲ್ಪವಾಗಿದ್ದರೂ ಅಲ್ಪವಲ್ಲ. ಇದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಒಂದು ಚಮಚ ಹೆಪ್ಪು ಒಂದು ಕೊಡ ಹಾಲನ್ನು ಮೊಸರು ಮಾಡುತ್ತದೆ. ಅಲ್ಲಿ ಹೆಪ್ಪಿನ ತೂಕ ನೋಡಿ ಅದನ್ನು ಗಣನೆಗೆ ಬಾರದ್ದು ಎಂದು ಯಾವ ಗೃಹಿಣಿಯೂ ಹೇಳುವುದಿಲ್ಲ. ಯೆಹೂದ್ಯ ಶಾಸ್ತ್ರಕಾರರು ಹೇಳುವುದೂ ಇದನ್ನೇ.

ಹಬ್ಬದೊಳಗೆ ಮಿತಿಯೇ ಇಲ್ಲ

ಪಸ್ಕಹಬ್ಬದ ದಿನಗಳಲ್ಲಿ ಹಮೇಟ್ಸ್ ಬಿದ್ದರೆ ಮಾತ್ರ 60ರ ಅಳತೆಯೂ ಇಲ್ಲ, 200ರ ಅಳತೆಯೂ ಇಲ್ಲ. ಎಷ್ಟೇ ಅಲ್ಪವಾಗಿದ್ದರೂ, ಸಾವಿರದಲ್ಲಿ ಒಂದು ಪಾಲಾಗಿದ್ದರೂ, ಅದು ಅಡಗುವುದಿಲ್ಲ. ತಾಲ್ಮೂದ್‌ನ ಚರ್ಚೆಯಿಂದ ಬಂದ ಈ ತೀರ್ಮಾನವನ್ನು 1565ರಲ್ಲಿ ವೆನಿಸ್‌ನಲ್ಲಿ ಮುದ್ರಿತವಾದ ಯೋಸೆಫ್ ಕಾರೊ ಅವರ ‘ಶುಲ್ಹಾನ್ ಆರೂಖ್’ ಎಂಬ ಧರ್ಮಸಂಹಿತೆಯು ಸ್ಪಷ್ಟವಾಗಿ ವಿಧಿಸುತ್ತದೆ. ಹಬ್ಬದ ನಡುವೆ ಬೇಯಿಸಿದ ಅಡುಗೆಯಲ್ಲಿ ನೆನೆದು ಬಿರಿದ ಒಂದು ಗೋಧಿ ಕಾಳು ಸಿಕ್ಕರೆ ಇಡೀ ಅಡುಗೆ ನಿಷಿದ್ಧವೆಂಬುದು ಇದರ ಪ್ರಸಿದ್ಧ ಉದಾಹರಣೆ. ಕೋಳಿಗಳು ಗೋಧಿ ತಿನ್ನುವುದರಿಂದ, ಕೋಳಿಯ ಸಾರಿನಲ್ಲಿ ಕಾಳು ಸಿಕ್ಕ ಪ್ರಶ್ನೆ ಶತಮಾನಗಳ ಕಾಲ ಧರ್ಮಗುರುಗಳ ಮುಂದೆ ಬರುತ್ತಲೇ ಇತ್ತು. ಹಬ್ಬಕ್ಕೆಂದು ಸಾಲ ಮಾಡಿ ಕೋಳಿ ತಂದ ಬಡವನ ಮನೆಯಲ್ಲಿ ಇಂಥ ತೀರ್ಪು ಎಂಥ ನಷ್ಟವನ್ನು ತಂದೀತೆಂಬುದನ್ನು ಊಹಿಸಬಹುದು.

ಇಷ್ಟು ಕಟ್ಟುನಿಟ್ಟೇಕೆ? ಶಾಸ್ತ್ರಕಾರರು ಕೊಡುವ ಕಾರಣಗಳು ಮುಖ್ಯವಾಗಿ ಎರಡು. ಒಂದು, ತಪ್ಪಿನ ಗುರುತ್ವ ಮತ್ತು ಮನುಷ್ಯನ ಅಭ್ಯಾಸ. ಈ ನಿಷೇಧದ ಉಲ್ಲಂಘನೆಗೆ ವಿಧಿಸಿದ ದೈವಿಕ ಶಿಕ್ಷೆ ಬಹಳ ದೊಡ್ಡದು. ಆದರೆ ವಸ್ತುವೋ ವರ್ಷದ ಉಳಿದೆಲ್ಲ ದಿನವೂ ತಿನ್ನುವ ಅನ್ನದಂಥದು. ಸದಾ ವರ್ಜ್ಯವಾದ ಮಾಂಸದಿಂದ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ, ರೊಟ್ಟಿಯಿಂದ ಸರಿಯುವುದಿಲ್ಲ. ಆದುದರಿಂದ ಬೇಲಿ ಎತ್ತರವಾಗಿರಬೇಕು. ಇನ್ನೊಂದು ಕಾರಣವನ್ನು 12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸ್ ಕೊಡುತ್ತಾರೆ: ಹಬ್ಬ ಮುಗಿದ ಮೇಲೆ ತಾನಾಗಿಯೇ ಬಳಕೆಗೆ ಬರಬಹುದಾದ ಮಿಶ್ರಣಕ್ಕೆ ಈಗಲೇ ರಿಯಾಯಿತಿ ಏಕೆ ಬೇಕು? ಕಾದರಾಯಿತು. ನಿಜವಾದ ಅಗತ್ಯವಿದ್ದಲ್ಲಿ ಮಾತ್ರ ರಿಯಾಯಿತಿ ಕೊಡಬೇಕೆಂಬ ಈ ವಾದ ತೆರಿಗೆ ಕಾನೂನನ್ನು ಓದಿದವರಿಗೆ ಅಪರಿಚಿತವೆನಿಸದು.

ಈ ಕಟ್ಟುನಿಟ್ಟು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಗಲಿಲಾಯ ಸರೋವರ ಒಳ್ಳೆಯ ನಿದರ್ಶನ. ಸುಮಾರು 165 ಚದರ ಕಿಲೋಮೀಟರ್ ವಿಸ್ತಾರದ ಈ ಸಿಹಿನೀರಿನ ಸರೋವರದಿಂದ 1964ರಲ್ಲಿ ಪೂರ್ಣಗೊಂಡ ರಾಷ್ಟ್ರೀಯ ಕಾಲುವೆಯ ಮೂಲಕ ಇಸ್ರೇಲಿನ ಊರುಗಳಿಗೆ ನೀರು ಹರಿದಿದೆ. ದಡದಲ್ಲಿ ವಿಹಾರಕ್ಕೆ ಬಂದವರು, ಮೀನು ಹಿಡಿಯುವವರು ನೀರಿಗೆ ಬ್ರೆಡ್ ಎಸೆಯುತ್ತಾರೆ. ಆದುದರಿಂದ ಅತ್ಯಂತ ನಿಷ್ಠಾವಂತರಾದ ಕೆಲವರು ಹಬ್ಬಕ್ಕೆ ಬೇಕಾದ ಕುಡಿಯುವ ನೀರನ್ನು ಮೊದಲೇ ತುಂಬಿಟ್ಟುಕೊಳ್ಳುತ್ತಾರೆ, ಇಲ್ಲವೇ ಬಾವಿಯ ನೀರನ್ನು ತರಿಸುತ್ತಾರೆ. ಬಹುಪಾಲು ಧರ್ಮಗುರುಗಳು ಇದನ್ನು ಕಡ್ಡಾಯವೆಂದು ಹೇಳುವುದಿಲ್ಲ. ಆದರೆ ಮಿತಿಯೇ ಇಲ್ಲವೆಂದ ಮೇಲೆ ಒಂದು ಸರೋವರದ ಬಗ್ಗೆಯೂ ಪ್ರಶ್ನೆ ಕೇಳಬಹುದು.

ಸೂರ್ಯಾಸ್ತ ಎಂಬ ಕಟ್-ಆಫ್

ನಮ್ಮ ಸದಸ್ಯರಿಗೆ ಹೆಚ್ಚು ಪ್ರಸ್ತುತವಾದ ಭಾಗ ಇದು. ಮಿತಿಯಿಲ್ಲದ ಈ ಕಟ್ಟಳೆ ಜಾರಿಗೆ ಬರುವುದು ಒಂದು ನಿಶ್ಚಿತ ಗಳಿಗೆಯಿಂದ. ಹಬ್ಬದ ಹಿಂದಿನ ದಿನ, ನೀಸಾನ್ 14ರ ಬೆಳಗಿನಲ್ಲೇ ಹಮೇಟ್ಸ್ ತಿನ್ನುವುದು ನಿಲ್ಲುತ್ತದೆ. ಮಧ್ಯಾಹ್ನದ ನಂತರ ಅದು ಮೂಲ ಶಾಸ್ತ್ರದಿಂದಲೇ ನಿಷಿದ್ಧ. ಆದರೂ ಆ ಮಧ್ಯಾಹ್ನದಿಂದ ರಾತ್ರಿಯವರೆಗೆ ಅಕಸ್ಮಾತ್ತಾಗಿ ಬೆರೆತ ಹಮೇಟ್ಸಿಗೆ 60ರ ಅಳತೆಯೇ ಅನ್ವಯಿಸುತ್ತದೆ. ರಾತ್ರಿಯಾಗಿ ಹಬ್ಬ ಆರಂಭವಾದ ಗಳಿಗೆಯಿಂದ ಅಳತೆ ಇಲ್ಲ. ಮಾರ್ಚ್ 31ರ ರಾತ್ರಿ ಗೋದಾಮಿನಿಂದ ಹೊರಟ ಸರಕು ಯಾವ ವರ್ಷದ ಮಾರಾಟ ಎಂದು ನಾವು ತಲೆ ಕೆಡಿಸಿಕೊಳ್ಳುವಂತೆಯೇ ಇಲ್ಲಿಯೂ ದಿನಾಂಕವೇ ನಿರ್ಣಾಯಕ.

ಹಾಗಾದರೆ ಹಬ್ಬಕ್ಕೆ ಎಷ್ಟೋ ಮೊದಲು ಬೆರೆತು 60ರಲ್ಲಿ ಅಡಗಿಹೋದ ಕಣವು ಹಬ್ಬ ಬಂದೊಡನೆ ಮತ್ತೆ ‘ಎಚ್ಚರಗೊಳ್ಳುತ್ತದೆಯೇ’? ಶಾಸ್ತ್ರಕಾರರು ಇದೇ ಪದವನ್ನು ಬಳಸಿ ಶತಮಾನಗಳಿಂದ ಚರ್ಚಿಸಿದ್ದಾರೆ. ಅಡಗಿದ್ದು ಅಡಗಿತು, ಮತ್ತೆ ಎಚ್ಚರಗೊಳ್ಳದು ಎಂಬುದು ಕಾರೊ ಅವರ ಮತ. ಕ್ರಾಕೋವ್‌ನ ಮೋಶೆ ಇಸ್ಸರ್ಲಿಸ್ ಅಷ್ಕೆನಾಜಿ ಸಂಪ್ರದಾಯವನ್ನು ದಾಖಲಿಸುತ್ತ, ದ್ರವದಲ್ಲಿ ದ್ರವ ಬೆರೆತು ಏಕವಾಗಿದ್ದರೆ ಆ ರಿಯಾಯಿತಿಯನ್ನು ಒಪ್ಪುತ್ತಾರೆ. ಒಣ ಕಾಳುಗಳ ನಡುವೆ ಒಣ ಕಾಳು ಸೇರಿದಂಥ ಮಿಶ್ರಣದಲ್ಲಿ ಮಾತ್ರ ಕಟ್ಟುನಿಟ್ಟು. ಅಲ್ಲಿ ನಿಷಿದ್ಧ ಕಾಳು ಕಾಳಾಗಿಯೇ ಉಳಿದಿದೆ, ನಮ್ಮ ಕಣ್ಣಿಗೆ ಕಾಣಿಸುತ್ತಿಲ್ಲ ಅಷ್ಟೆ. ಪುಡಿಯಲ್ಲಿ ಪುಡಿ ಬೆರೆತರೆ ಅದನ್ನು ದ್ರವದಂತೆ ಎಣಿಸಬೇಕೋ ಒಣ ಕಾಳಿನಂತೆ ಎಣಿಸಬೇಕೋ ಎಂಬುದರಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಕಕ್ಷಿದಾರರ ಮೆಣಸಿನ ಪುಡಿ ನಿಂತಿದ್ದುದು ಸರಿಯಾಗಿ ಈ ಭಿನ್ನಾಭಿಪ್ರಾಯದ ಮೇಲೆ!

ಒಡೆತನದಲ್ಲಿ ಉದಾರತೆ

ಇಷ್ಟನ್ನು ಓದಿದವರು, ಯೆಹೂದ್ಯ ಶಾಸ್ತ್ರವು ಪ್ರತಿಯೊಂದು ಕಣಕ್ಕೂ ಹೆದರುತ್ತದೆ ಎಂದು ತಿಳಿದುಕೊಂಡಾರು. ವಾಸ್ತವ ಹಾಗಿಲ್ಲ. ತಿನ್ನುವ ವಿಷಯದಲ್ಲಿ ಇಷ್ಟು ಕಠಿಣವಾದ ಶಾಸ್ತ್ರವು ಒಡೆತನದ ವಿಷಯದಲ್ಲಿ ಸಾಕಷ್ಟು ಉದಾರವಾಗಿದೆ. ಹಬ್ಬದ ಹಿಂದಿನ ರಾತ್ರಿ ದೀಪ ಹಿಡಿದು ಮನೆಯ ಮೂಲೆಮೂಲೆಗಳಲ್ಲಿ ಹುಳಿಹಿಟ್ಟನ್ನು ಹುಡುಕುತ್ತಾರೆ, ಸಿಕ್ಕಿದ್ದನ್ನು ಮರುದಿನ ಬೆಳಿಗ್ಗೆ ಸುಡುತ್ತಾರೆ, ಕಣ್ಣು ತಪ್ಪಿ ಉಳಿದಿದ್ದರೆ ಅದು ನೆಲದ ಧೂಳಿಗೆ ಸಮಾನವೆಂದು ಬಾಯಿಬಿಟ್ಟು ಹೇಳಿ ಕೈಬಿಡುತ್ತಾರೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಹುಡುಕಿದ ಮೇಲೆಯೇ ರೈಟ್-ಆಫ್. ನೆಲಕ್ಕೆ ಬಿದ್ದ ಪುಡಿ ತುಣುಕುಗಳಿಗೆ ಬೆಲೆಯಿಲ್ಲವಾದುದರಿಂದ ಅವು ತಾವಾಗಿಯೇ ಗಣನೆಯಿಂದ ಹೊರಗಾಗುತ್ತವೆ ಎಂದು ತಾಲ್ಮೂದ್ ಹೇಳುತ್ತದೆ. ಹಿಟ್ಟು ನಾದುವ ಮರಿಗೆಯ ಬಿರುಕಿನಲ್ಲಿ ಒಂದು ಆಲಿವ್ ಕಾಯಿಯ ಗಾತ್ರಕ್ಕಿಂತ ಕಡಿಮೆ ಹಿಟ್ಟು ಅಂಟಿಕೊಂಡಿದ್ದರೆ ಅದೂ ಅಲ್ಪತ್ವದಿಂದಲೇ ರದ್ದು. ಹಬ್ಬಕ್ಕೆ ಮೊದಲೇ ನಾಯಿಯೂ ಮೂಸದಷ್ಟು ಕೆಟ್ಟುಹೋದದ್ದು ಹಮೇಟ್ಸೇ ಅಲ್ಲ.

ಸುಮಾರು 1800 ವರ್ಷಗಳ ಹಿಂದಿನ ಮಿಷ್ನಾ ಗ್ರಂಥವು ಧಾನ್ಯ ಬೆರೆತ ವಸ್ತುಗಳ ಒಂದು ಪಟ್ಟಿಯನ್ನು ಕೊಡುತ್ತದೆ. ಬಾಬಿಲೋನಿನ ವ್ಯಂಜನ, ಮೇದ್ಯರ ಬಿಯರು, ಎದೋಮಿನ ವಿನೆಗರು, ಈಜಿಪ್ಟಿನ ಮದ್ಯಗಳ ಜೊತೆಗೆ ಬಣ್ಣಗಾರರ ಗಂಜಿ ಮತ್ತು ಲಿಪಿಕಾರರ ಅಂಟು ಕೂಡ ಅದರಲ್ಲಿವೆ. ತಿನ್ನುವ ವಸ್ತುಗಳಲ್ಲದ ಕೈಗಾರಿಕಾ ಸಾಮಗ್ರಿಗಳನ್ನೂ ಅಂದೇ ಪಟ್ಟಿ ಮಾಡಿದ್ದರೆಂಬುದು ಕುತೂಹಲಕರ.

ದೊಡ್ಡ ದಾಸ್ತಾನಿರುವ ವ್ಯಾಪಾರಿ ಎಲ್ಲವನ್ನೂ ಸುಡಲಾರ. ಅವನು ತನ್ನ ಹಮೇಟ್ಸನ್ನು ಯೆಹೂದ್ಯೇತರನಿಗೆ ಮಾರುತ್ತಾನೆ. ಹಬ್ಬ ಮುಗಿದ ಮೇಲೆ ಮರಳಿ ಕೊಳ್ಳುತ್ತಾನೆ. ಇದು ಬರಿಯ ಕಾಗದದ ವಹಿವಾಟಾಗದಂತೆ ಕರಾರು ಪತ್ರ, ಮುಂಗಡ, ಸರಕಿರುವ ಸ್ಥಳದ ಹಕ್ಕಿನ ವರ್ಗಾವಣೆ ಇವೆಲ್ಲವನ್ನೂ ಶಾಸ್ತ್ರ ಬಯಸುತ್ತದೆ. ಹಾಗೆ ಮಾರದೆ ಹಬ್ಬದಲ್ಲಿ ಯೆಹೂದ್ಯನ ಒಡೆತನದಲ್ಲೇ ಉಳಿದ ಹಮೇಟ್ಸ್ ಹಬ್ಬ ಮುಗಿದ ಮೇಲೂ ಅವನಿಗೆ ಉಪಯೋಗಕ್ಕೆ ಬಾರದು, ಪೂರ್ತಿ ನಷ್ಟ. ಇಸ್ರೇಲಿನಲ್ಲಿ 1986ರ ಒಂದು ಕಾಯಿದೆಯು ಹಬ್ಬದ ದಿನಗಳಲ್ಲಿ ಹಮೇಟ್ಸನ್ನು ಸಾರ್ವಜನಿಕವಾಗಿ ಮಾರಾಟಕ್ಕೆ ಪ್ರದರ್ಶಿಸುವುದನ್ನು ನಿಷೇಧಿಸಿದೆ. ಅಂಗಡಿಯ ಒಳಭಾಗ ‘ಸಾರ್ವಜನಿಕ’ವಲ್ಲವೆಂದು ಜೆರುಸಲೇಮಿನ ನ್ಯಾಯಾಲಯವೊಂದು 2008ರಲ್ಲಿ ತೀರ್ಪು ನೀಡಿದಾಗ ಅಲ್ಲಿ ದೊಡ್ಡ ವಿವಾದವೇ ಎದ್ದಿತು.

ಯಂತ್ರದ ಹಲ್ಲುಗಳ ನಡುವೆ

ತಯಾರಕರು ಗಮನಿಸಬೇಕಾದ ಎರಡು ಐತಿಹಾಸಿಕ ಪ್ರಸಂಗಗಳಿವೆ. ಮೊದಲನೆಯದು ಮಟ್ಸಾ ಯಂತ್ರದ ವಿವಾದ. 1838ರಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದಲ್ಲಿ ಐಸಾಕ್ ಸಿಂಗರ್ ಎಂಬವರು ಹಿಟ್ಟನ್ನು ಲಟ್ಟಿಸುವ ಯಂತ್ರವೊಂದನ್ನು ರೂಪಿಸಿದರು. ಯಂತ್ರವು ಪೂರ್ವ ಯೂರೋಪಿಗೆ ಬಂದಾಗ, 1859ರಲ್ಲಿ ಬ್ರೋಡಿ ನಗರದ ಶ್ಲೋಮೊ ಕ್ಲುಗರ್ ಅದನ್ನು ನಿಷೇಧಿಸಿದರು. ಲ್ವಿವ್ ನಗರದ ಯೋಸೆಫ್ ಶಾವುಲ್ ನಾತಾನ್‌ಸನ್ ಅದನ್ನು ಸಮರ್ಥಿಸಿದರು. ಕೈಯಿಂದ ಮಟ್ಸಾ ಮಾಡಿ ಹಬ್ಬದ ಖರ್ಚು ದುಡಿಯುತ್ತಿದ್ದ ಬಡವರ ಜೀವನೋಪಾಯವೂ ಆ ವಾದದಲ್ಲಿ ಸೇರಿತ್ತು. ಆದರೆ ವಿರೋಧಿಗಳ ತಾಂತ್ರಿಕ ಆಕ್ಷೇಪಗಳಲ್ಲಿ ಒಂದು ಹೀಗಿತ್ತು: ಚಕ್ರಗಳ ಹಲ್ಲುಗಳ ನಡುವೆ ಅಂಟಿಕೊಂಡ ಹಿಟ್ಟು ಅಲ್ಲಿಯೇ ಹುದುಗಿ, ಮುಂದಿನ ಹಿಟ್ಟಿಗೆ ಬೆರೆಯುತ್ತದೆ. ಇಂದು ಮಟ್ಸಾ ಕಾರ್ಖಾನೆಗಳು ಯಂತ್ರವನ್ನು ಮತ್ತೆ ಮತ್ತೆ ಶುಚಿಗೊಳಿಸುತ್ತ, ಹಿಟ್ಟಿನ ಉಗ್ರಾಣವನ್ನು ನೀರಿನಿಂದ ದೂರವಿಟ್ಟು ಕೆಲಸ ಮಾಡುವುದು ಆ ಆಕ್ಷೇಪಕ್ಕೆ ಕೊಟ್ಟ ಉತ್ತರವೆನ್ನಬಹುದು.

ಎರಡನೆಯದು ಅಮೆರಿಕದ ಅಟ್ಲಾಂಟಾ ನಗರದ್ದು. ಲಿಥುವೇನಿಯಾದಲ್ಲಿ ಹುಟ್ಟಿ ಅಲ್ಲಿ ನೆಲೆಸಿದ್ದ ಧರ್ಮಗುರು ಟೋಬಿಯಾಸ್ ಗೆಫೆನ್ ಅವರ ಬಳಿ, ಕೋಕಾ-ಕೋಲಾ ಕುಡಿಯಬಹುದೇ ಎಂಬ ಪ್ರಶ್ನೆ ದೇಶದ ನಾನಾ ಕಡೆಯಿಂದ ಬರುತ್ತಿತ್ತು. ಕಂಪನಿ ತನ್ನ ಘಟಕ ವಸ್ತುಗಳ ಪಟ್ಟಿಯನ್ನು ಗೋಪ್ಯವಾಗಿಡುವ ಷರತ್ತಿನ ಮೇಲೆ ಅವರಿಗೆ ತೋರಿಸಿತು. ಅದರಲ್ಲಿ ದನದ ಕೊಬ್ಬಿನಿಂದ ತೆಗೆದ ಗ್ಲಿಸರಿನ್ ಇತ್ತು, ಸಾವಿರಕ್ಕೆ ಒಂದು ಪಾಲಿನಷ್ಟು. 60ರ ಅಳತೆಯಿಂದ ನೋಡಿದರೆ ಅದು ಅಡಗಬೇಕಿತ್ತು. ಆದರೆ ಅದು ಅಕಸ್ಮಾತ್ತಾಗಿ ಬಿದ್ದದ್ದಲ್ಲ, ತಯಾರಿಕೆಯ ಕ್ರಮದಲ್ಲೇ ಹಾಕಿದ್ದು. ಆದುದರಿಂದ ರಿಯಾಯಿತಿ ಸಲ್ಲದೆಂದು ಅವರು ನಿರ್ಧರಿಸಿದರು. ಇದಲ್ಲದೆ ಕಾಳಿನಿಂದ ಬಟ್ಟಿ ಇಳಿಸಿದ ಆಲ್ಕೋಹಾಲಿನ ಅಂಶವೂ ಇತ್ತು. ಪಸ್ಕಹಬ್ಬಕ್ಕೆ ಅದು ಎಷ್ಟು ಅಲ್ಪವಾದರೂ ತೊಡಕೇ. ಕಂಪನಿಯು ಗ್ಲಿಸರಿನ್ನನ್ನು ಸಸ್ಯಮೂಲದ್ದಕ್ಕೆ ಬದಲಾಯಿಸಿತು, ಹಬ್ಬದ ಕಾಲಕ್ಕೆ ಸಕ್ಕರೆ ಮೂಲದ ಆಲ್ಕೋಹಾಲನ್ನು ಬಳಸಲು ಒಪ್ಪಿತು. 1935ರಲ್ಲಿ ಗೆಫೆನ್ ತಮ್ಮ ಒಪ್ಪಿಗೆಯ ತೀರ್ಪನ್ನು ಪ್ರಕಟಿಸಿದರು. ಇಂದಿಗೂ ಅಮೆರಿಕದಲ್ಲಿ ಹಬ್ಬದ ಋತುವಿನಲ್ಲಿ ಹಳದಿ ಮುಚ್ಚಳದ ಬಾಟಲಿಗಳು ಮಾರುಕಟ್ಟೆಗೆ ಬರುತ್ತವೆ. ಜೋಳದ ಪಾಕದ ಬದಲು ಅದರಲ್ಲಿ ಸಕ್ಕರೆ ಇರುತ್ತದೆ.

ಇಷ್ಟು ದೂರದ ಮಾತೇಕೆ, ನಮ್ಮ ನೆರೆಯ ಕೊಚ್ಚಿಯಲ್ಲಿ ಕರಿಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಯೆಹೂದ್ಯ ಸಮುದಾಯ ಈ ಹಬ್ಬದ ಶುದ್ಧತೆಗೆ ಪ್ರಸಿದ್ಧವಾಗಿತ್ತು. ಮನೆಗೆ ಸುಣ್ಣ ಬಳಿದು, ಹಬ್ಬದ ಪಾತ್ರೆಗಳನ್ನು ಪ್ರತ್ಯೇಕವಿರಿಸಿ, ಅಕ್ಕಿ ಮತ್ತು ಮಸಾಲೆಗಳನ್ನು ಕಾಳುಕಾಳಾಗಿ ಆರಿಸುವ ಕೆಲಸವನ್ನು ಅಲ್ಲಿನ ಹೆಂಗಸರು ಹಬ್ಬಕ್ಕೆ ತಿಂಗಳುಗಳ ಮೊದಲೇ ಆರಂಭಿಸುತ್ತಿದ್ದರು. ಕೊಂಕಣದ ಬೆನೆ ಇಸ್ರೇಲ್ ಸಮುದಾಯ ಈ ಹಬ್ಬವನ್ನು ಮರಾಠಿಯಲ್ಲಿ ಕರೆಯುತ್ತಿದ್ದುದೇ ಹುಳಿಯ ಗಡಿಗೆಯನ್ನು ಮುಚ್ಚುವ ಹಬ್ಬವೆಂದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸಾಮಾನ್ಯ ಕೋಷರ್ ಪ್ರಮಾಣಪತ್ರ ಬೇರೆ, ಪಸ್ಕಹಬ್ಬದ ಪ್ರಮಾಣಪತ್ರ ಬೇರೆ. ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್ ಸಂಸ್ಥೆ ಹಬ್ಬಕ್ಕೆ ಯೋಗ್ಯವಾದ ಸರಕಿಗೆ ತನ್ನ ಗುರುತಿನ ಜೊತೆ ‘ಪಿ’ ಅಕ್ಷರವನ್ನು ಸೇರಿಸುತ್ತದೆ. ವರ್ಷವಿಡೀ ಕೋಷರ್ ಸರಕು ಕಳುಹಿಸುತ್ತಿದ್ದೇವೆಂಬ ಕಾರಣದಿಂದ ಹಬ್ಬದ ಆರ್ಡರನ್ನು ಹಾಗೆಯೇ ಒಪ್ಪಿಕೊಳ್ಳಬಾರದು.

2. ‘ಗ್ಲುಟೆನ್ ರಹಿತ’ ಎಂಬ ಪರೀಕ್ಷಾ ವರದಿ ಇದಕ್ಕೆ ಬದಲಿಯಲ್ಲ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿ ಕಿಲೋಗ್ರಾಂಗೆ 20 ಮಿಲಿಗ್ರಾಂವರೆಗೆ ಗ್ಲುಟೆನ್ ಇದ್ದರೂ ಆ ಹೆಸರು ಸಲ್ಲುತ್ತದೆ. ಅದು ಆರೋಗ್ಯದ ಮಿತಿ. ಇಲ್ಲಿ ಕೇಳುತ್ತಿರುವುದು ವಸ್ತುವಿನ ಮೂಲ ಮತ್ತು ಅದು ಸೇರಿದ ಬಗೆಯನ್ನು. ಗ್ಲುಟೆನ್ ರಹಿತವೆಂದು ಮಾರುವ ಓಟ್ಸ್ ಕೂಡ ಐದು ಧಾನ್ಯಗಳಲ್ಲಿ ಒಂದೆಂಬುದನ್ನು ಮರೆಯಬಾರದು.

3. ಘಟಕದೊಳಗಿನ ಘಟಕವನ್ನು ಕೇಳಿ. ಇಂಗಿನಲ್ಲಿ ಯಾವ ಹಿಟ್ಟು? ಸುವಾಸನೆಯ ದ್ರಾವಣದಲ್ಲಿ ಯಾವ ಆಲ್ಕೋಹಾಲು, ಕಾಕಂಬಿಯದೋ ಧಾನ್ಯದ್ದೋ? ಮಾಲ್ಟೋಡೆಕ್ಸ್‌ಟ್ರಿನ್ ಮೆಕ್ಕೆಜೋಳದ್ದೋ ಗೋಧಿಯದೋ? ವಿನೆಗರ್ ಮತ್ತು ಸಿಟ್ರಿಕ್ ಆಮ್ಲ ಯಾವ ಮೂಲದಿಂದ ಹುದುಗಿಸಿದ್ದು? ಸರಬರಾಜುದಾರರಿಂದ ಲಿಖಿತ ಹೇಳಿಕೆ ಪಡೆದು ಕಡತದಲ್ಲಿಡಿ.

4. ಜೀರಿಗೆ, ಕೊತ್ತಂಬರಿ, ಮೆಂತ್ಯಗಳು ಉತ್ತರ ಭಾರತದಲ್ಲಿ ಗೋಧಿಯಂತೆಯೇ ಹಿಂಗಾರಿನ ಬೆಳೆಗಳು. ಹೊಲ, ಕಣ, ಚೀಲ, ಎಲ್ಲಿ ಬೇಕಾದರೂ ಗೋಧಿಯ ಕಾಳು ಸೇರಬಹುದು. ಜರಡಿಯ ದಾಖಲೆ ಇರಲಿ. ಕಾಳುಗಳ ಬಗ್ಗೆ ಸಮುದಾಯದಿಂದ ಸಮುದಾಯಕ್ಕೆ ಸಂಪ್ರದಾಯ ಬೇರೆಯಾಗಿರುವುದರಿಂದ ಖರೀದಿದಾರರ ಅಪೇಕ್ಷೆಯನ್ನು ಮೊದಲೇ ಕೇಳಿ ತಿಳಿಯುವುದು ಕ್ಷೇಮ.

5. ಯಂತ್ರವನ್ನು ಹಬ್ಬದ ಸರಕಿಗೆ ಸಿದ್ಧಪಡಿಸುವ ಕ್ರಮವನ್ನು ಮೇಲ್ವಿಚಾರಣೆಗೆ ಬರುವ ಧರ್ಮಗುರುಗಳೇ ನಿರ್ಧರಿಸುತ್ತಾರೆ. ಪಾತ್ರೆಯು ಯಾವ ಬಗೆಯಲ್ಲಿ ರುಚಿಯನ್ನು ಹೀರಿಕೊಂಡಿತೋ ಅದೇ ಬಗೆಯಲ್ಲಿ ಹೊರಬಿಡುತ್ತದೆ ಎಂಬುದು ತತ್ತ್ವ. ಕುದಿಯುವ ದ್ರವದಿಂದ ಬಳಕೆಯಾದ ಪಾತ್ರೆಯನ್ನು 24 ಗಂಟೆ ಬಿಡುವು ಕೊಟ್ಟು ಕುದಿನೀರಿನಿಂದ, ಒಣ ಬೆಂಕಿಯಲ್ಲಿ ಬಳಕೆಯಾದದ್ದನ್ನು ಬೆಂಕಿಯಿಂದಲೇ ಶುದ್ಧಿ ಮಾಡುತ್ತಾರೆ. ಆ ದಿನಗಳ ಉತ್ಪಾದನೆಯ ನಷ್ಟವನ್ನು ದರ ಉಲ್ಲೇಖಿಸುವಾಗಲೇ ಸೇರಿಸಿಕೊಳ್ಳಿ.

6. ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಅದೇ ಯಂತ್ರದಲ್ಲಿ ಹಿಂದಿನ ದಿನ ಏನು ಪುಡಿಯಾಯಿತು ಎಂಬ ದಾಖಲೆ, ಈ ಮೂರೂ ಇಲ್ಲದೆ ಯಾವ ಘೋಷಣೆಗೂ ಸಹಿ ಹಾಕಬಾರದು.

ಕೊನೆಯ ಅಂಶದ ಬಗ್ಗೆ ಒಂದು ಮಾತು. ಅಲ್ಪ ಪ್ರಮಾಣವನ್ನು ಮನ್ನಿಸುವ ಅಧಿಕಾರ ಯಾರದು ಎಂಬುದೇ ಇಡೀ ವಿಷಯದ ತಿರುಳು ಎಂದು ನನಗನಿಸುತ್ತದೆ. ಯೆಹೂದ್ಯ ಶಾಸ್ತ್ರದಲ್ಲಿ 60ರ ರಿಯಾಯಿತಿಯೂ ಇದೆ, ದಿನಾಂಕದ ರಿಯಾಯಿತಿಯೂ ಇದೆ, ತುಣುಕುಗಳ ರಿಯಾಯಿತಿಯೂ ಇದೆ. ಅವುಗಳಲ್ಲಿ ಯಾವುದು ಸಲ್ಲುತ್ತದೆಂದು ಹೇಳಬೇಕಾದವರು ಅದನ್ನು ತಿನ್ನುವವರ ಪರವಾಗಿ ತೀರ್ಪು ಕೊಡುವ ಗುರುಗಳು. ಮಾರುವವನು ತಾನೇ ಆ ಲೆಕ್ಕ ಹಾಕಿ, ‘ಇಲ್ಲ’ ಎಂದು ಬರೆದರೆ ಅವರ ತೀರ್ಪನ್ನು ಅವರಿಂದ ಕಸಿದುಕೊಂಡಂತೆ. ನಮ್ಮ ಕೆಲಸ ಇದ್ದುದನ್ನು ಇದ್ದಂತೆ ಹೇಳುವುದು. ಲೆಕ್ಕಪರಿಶೋಧನೆಯಲ್ಲಿಯೂ ಮೆಟೀರಿಯಾಲಿಟಿಯನ್ನು ಅಳೆಯುವುದು ಲೆಕ್ಕಪತ್ರವನ್ನು ನಂಬುವವನ ದೃಷ್ಟಿಯಿಂದ, ಬರೆದವನ ಅನುಕೂಲದಿಂದಲ್ಲ.

ನನ್ನ ಕಕ್ಷಿದಾರರಿಗೆ ಅಂದು ಇಷ್ಟನ್ನೂ ಹೇಳಿ ದೃಢೀಕರಣ ಪತ್ರ ಕೊಡಲು ನಿರಾಕರಿಸಿದೆ. ಅವರು ‘ಇಲ್ಲ’ ಎಂಬುದನ್ನು ಹೊಡೆದು, ‘ಹೌದು, ಸಾರಿನ ಪುಡಿಯ ಇಂಗಿನಲ್ಲಿ, ಅದೇ ಯಂತ್ರ’ ಎಂದು ಬರೆದು ಕಳುಹಿಸಿದರು. ಆ ವರ್ಷ ಆ ಆರ್ಡರ್ ಬರಲಿಲ್ಲ. ಕೋಪಿಸಿಕೊಂಡು ಅವರು ಆ ಸಲದ ರಿಟರ್ನ್ಸನ್ನು ಬೇರೆಯವರ ಕೈಯಲ್ಲಿ ಸಲ್ಲಿಸಿದರು. ಎರಡು ವರ್ಷಗಳ ನಂತರ ತಾವಾಗಿಯೇ ಬಂದು, ಮೆಣಸಿನಕಾಯಿಗೆಂದು ಪ್ರತ್ಯೇಕ ಶೆಡ್ಡು ಹಾಕಿ ಬೇರೆ ಯಂತ್ರ ಕೂರಿಸುವ ಯೋಜನಾ ವರದಿಯನ್ನು ಮುಂದಿಟ್ಟರು. ಸಾಲ ಮಂಜೂರಾಯಿತು, ಶೆಡ್ಡೂ ಎದ್ದಿತು. ಹಳೆಯ ಆಮದುದಾರರು ಮಾತ್ರ ಮರಳಿ ಬರಲಿಲ್ಲ. ಅದನ್ನು ಅವರು ಇಂದಿಗೂ ಆಗಾಗ ನನಗೆ ನೆನಪಿಸುತ್ತಾರೆ, ನಾನೂ ಅಲ್ಲವೆನ್ನುವುದಿಲ್ಲ. ಹೊಡೆದು ತಿದ್ದಿದ ಆ ಪ್ರಶ್ನಾವಳಿಯ ಪ್ರತಿ ಅವರ ಕಡತದಲ್ಲಿ ಹಾಗೆಯೇ ಇದೆ. ಹೊಸ ಖರೀದಿದಾರರು ಕಾರ್ಖಾನೆ ನೋಡಲು ಬಂದಾಗ ಅದನ್ನು ತೆಗೆದು ತೋರಿಸುವವರು ಅವರೇ.